ಹಲ್ಲು ಗಟ್ಟಿ ಇರುವ ಮುದುಕಿ ಬೇಕಾಗಿದ್ದಾಳೆ

ಚೌಕಾಶಿ ಮಾಡದೆ ನಾನು ಕೊಡುವ ಸರಕು ಒಂದೇ ಒಂದು, ಅದು ಸಲಹೆ. ಸಿಂಧನೂರಿನಲ್ಲಿ ಹಳೇ ಟ್ರ್ಯಾಕ್ಟರ್ ಕೊಡಿಸುವ ದಲ್ಲಾಳಿ ನಾನು. ಟ್ರ್ಯಾಕ್ಟರ್ ಕೇಳಲು ಬಂದವನಿಗೆ ಮೊಣಕಾಲು ನೋವಿಗೆ ಯಾವ ಎಣ್ಣೆ ಒಳ್ಳೆಯದು, ತಂಗಿಯನ್ನು ಯಾವ ಊರಿಗೆ ಕೊಡಬಾರದು, ಬೋರ್‌ವೆಲ್ ಎಲ್ಲಿ ಕೊರೆಸಬೇಕು ಎಂಬುದನ್ನೂ ಹೇಳಿಯೇ ಕಳಿಸುತ್ತೇನೆ. ಅವರು ತಲೆಯಾಡಿಸುತ್ತಾರೆ, ನನ್ನ ಚಹಾ ಕುಡಿಯುತ್ತಾರೆ, ಮನೆಗೆ ಹೋಗಿ ತಮಗೆ ತಿಳಿದದ್ದನ್ನೇ ಮಾಡುತ್ತಾರೆ. ಇದರಿಂದ ನನಗೆ ಯಾವತ್ತೂ ಬೇಸರವಾಗಿಲ್ಲ. ಸಲಹೆ ಎನ್ನುವುದು ಎಲೆ ಅಡಿಕೆ ಇದ್ದ ಹಾಗೆ, ಕೊಡುವುದು ಮರ್ಯಾದೆ, ಅಗಿಯುವುದು ಬಿಡುವುದು ಅವರವರ ಹಲ್ಲಿಗೆ ಬಿಟ್ಟದ್ದು. ಬೇಸರವಾದದ್ದು ಒಮ್ಮೆ ಮಾತ್ರ. ಒಬ್ಬರು ನನ್ನ ಸಲಹೆಯನ್ನು ಚಾಚೂ ತಪ್ಪದೆ ಪಾಲಿಸಿಬಿಟ್ಟರು. ಅದನ್ನು ಹೇಳಿಕೊಳ್ಳಲೆಂದೇ ಈಗ ಕೂತಿದ್ದೇನೆ.

ನನ್ನ ಕಸುಬಿನ ಮೊದಲ ನಿಯಮ: ಮಾಲನ್ನು ಇದ್ದ ಹಾಗೆ ತೋರಿಸಬಾರದು. ಮೀಸೆ ಮೂಡುವ ಮೊದಲೇ ಎತ್ತಿನ ಸಂತೆಗೆ ಹೋದವನು ನಾನು. ಎತ್ತಿನ ಮೈ ತಿಕ್ಕಿ ತೊಳೆದು, ಕೋಡಿಗೆ ಎಣ್ಣೆ ಸವರಿ, ಕೊರಳಿಗೆ ಗೆಜ್ಜೆ ಕಟ್ಟಿದ ಮೇಲೆಯೇ ಗಿರಾಕಿಗೆ ತೋರಿಸುತ್ತಿದ್ದೆ. ಎತ್ತು ಹೋಗಿ ಟ್ರ್ಯಾಕ್ಟರ್ ಬಂದರೂ ನಿಯಮ ಬದಲಾಗಲಿಲ್ಲ. ಬಾನೆಟ್ಟಿಗೆ ಪಾಲಿಶ್, ಸೀಟಿಗೆ ಹೊಸ ಕವರು, ಮುಂದೆ ಒಂದು ನಿಂಬೆಹಣ್ಣು. ಇದು ಮೋಸವಲ್ಲ ಸ್ವಾಮಿ, ಮದುವೆಗೆ ಹೋಗುವಾಗ ನೀವೂ ಮುಖ ತೊಳೆದುಕೊಂಡೇ ಹೋಗುತ್ತೀರಿ. ಮಾತಿನ ವಿಷಯದಲ್ಲೂ ನಾನು ಹಾಗೆಯೇ. ಕಾಲುವೆ ಕಡೆಯ ಕ್ಯಾಂಪುಗಳಲ್ಲಿ ನೆಲೆಸಿದ ಆಂಧ್ರದ ರೈತರು ಬಂದರೆ ತೆಲುಗು, ಮುದಗಲ್ ಕಡೆಯ ವ್ಯಾಪಾರಿ ಬಂದರೆ ಉರ್ದು, ಬ್ಯಾಂಕಿನ ಸಾಹೇಬರ ಮುಂದೆ ಪುಸ್ತಕದ ಕನ್ನಡ. ಇದನ್ನು ಸುಮ್ಮನೆ ಕಲಿತದ್ದಲ್ಲ. ಹರೆಯದಲ್ಲಿ ದೂರದ ಊರಿನ ಒಂದು ಕಚೇರಿಗೆ ಹೋಗಿ ಏನೋ ಕೇಳಿದೆ. ಅಲ್ಲಿದ್ದವನು ನಕ್ಕು, ಪಕ್ಕದ ಕೋಣೆಯಿಂದ ಇನ್ನಿಬ್ಬರನ್ನು ಕರೆದು, “ಇನ್ನೊಂದ್ಸಲ ಹೇಳಪ್ಪ” ಅಂದ. ನಾನು ದಡ್ಡ, ಇನ್ನೊಂದು ಸಲ ಹೇಳಿದೆ. ಮೂವರೂ ನಕ್ಕರು. ಆವತ್ತಿನಿಂದ ಗೊತ್ತಿಲ್ಲದವರ ಮುಂದೆ ಮನೆಮಾತನ್ನು ತೊಳೆಯದೆ ಹೊರಗೆ ತಂದಿಲ್ಲ.

ನಾಗವೇಣಿ ನನ್ನ ಒಬ್ಬಳೇ ಮಗಳು. ಬಿ.ಎ. ಮುಗಿಸಿದಳು, ಬಿ.ಎಡ್. ಮಾಡಿ ಟೀಚರ್ ಆಗು ಎಂಬುದು ನನ್ನ ಸಲಹೆಯಾಗಿತ್ತು. ಒಂದು ದಿನ ಊಟಕ್ಕೆ ಕೂತಾಗ, “ಅಪ್ಪಾ, ನಾ ಯೂನಿವರ್ಸಿಟಿಗೆ ಹೋಗಿ ಭಾಷಾವಿಜ್ಞಾನದಾಗ ಎಂ.ಎ. ಮಾಡ್ತೀನಿ” ಅಂದಳು.

“ಎಷ್ಟು ಭಾಷಿ ಕಲಸ್ತಾರ?”

“ಒಂದೂ ಕಲಸೂದಿಲ್ಲ.”

ರೊಟ್ಟಿ ಮುರಿಯುತ್ತಿದ್ದ ನನ್ನ ಕೈ ನಿಂತಿತು. “ಮತ್ತ ಎರಡು ವರ್ಷ ಅಲ್ಲಿ ಕುಂತು ಏನ್ ಮಾಡ್ತಿ?”

“ಭಾಷಿ ಹೆಂಗ ನಡೀತದ ಅಂತ ನೋಡ್ತೀವಿ.”

“ಬಾಯಿಂದ ನಡೀತದ. ಇಷ್ಟು ತಿಳ್ಕೊಳಾಕ ಹಾಸ್ಟೆಲ್ ಯಾಕ ಬೇಕವ್ವಾ?”

ಅವಳೂ ನನ್ನ ಮಗಳೇ. “ಟ್ರ್ಯಾಕ್ಟರ್ ಓಡ್ಸಾಕ ಎಲ್ಲಾರಿಗೂ ಬರ್ತದ. ಇಂಜಿನ್ ಸಪ್ಪಳ ಕೇಳಿ ಎಲ್ಲಿ ಸವದದ ಅಂತ ಹೇಳಾಕ ಎಷ್ಟು ಮಂದಿಗೆ ಬರ್ತದ? ನೀ ಗಾಡಿ ಸಪ್ಪಳ ಕೇಳಿ ಹೇಳ್ತಿ, ನಾ ಮಂದಿ ಸಪ್ಪಳ ಕೇಳಿ ಹೇಳ್ತೀನಿ. ನಿನ್ನ ಕಸಬೇ ಅಲ್ಲೇನಪ್ಪಾ?” ಅಂದಳು. ಗಿರಾಕಿಯನ್ನು ಅವನ ಹೆಮ್ಮೆಯಿಂದಲೇ ಹಿಡಿಯಬೇಕೆಂಬ ವಿದ್ಯೆಯನ್ನು ಹೇಳಿಕೊಟ್ಟವನ ಮೇಲೆಯೇ ತಿರುಗಿಸಿದ್ದಳು. ಹತ್ತು ನಿಮಿಷದಲ್ಲಿ ಒಪ್ಪಿದೆ. ನನ್ನ ಹೆಂಡತಿ ಮಾತ್ರ, “ಮನಿಯಾಗ ಮಾತಿಗೆ ಒಬ್ರು ಅದಾರಲ್ಲ, ಸಾಲದೇನು? ಇನ್ನೊಬ್ರನ್ನ ಅದಕ್ಕಂತ ಓದಸ್ತೀರೇನು?” ಎಂದು ಸಾರು ಬಡಿಸಿದಳು.

ರಜೆಗೆ ಮನೆಗೆ ಬಂದಳೆಂದರೆ ನನಗೆ ಹೊಸ ತಾಪತ್ರಯ ಶುರು. ತುಟಿಯ ಮುಂದೆ ಕಾಗದದ ಚೀಟಿ ಹಿಡಿದು, “ಅಪ್ಪಾ, ಪಲ್ಯ ಅನ್ನು. ಈಗ ಫಲ ಅನ್ನು” ಎನ್ನುತ್ತಿದ್ದಳು. ಎರಡನೆಯದಕ್ಕೆ ಉಸಿರು ತಾಗಿ ಚೀಟಿ ಅಲ್ಲಾಡಬೇಕಂತೆ. ನನ್ನ ಬಾಯಿಗೆ ಅದು ಎರಡು ಸಲವೂ ಅಲ್ಲಾಡಲಿಲ್ಲ. ನನಗೆ ನಾಚಿಕೆಯಾದರೆ ಅವಳು ಚಪ್ಪಾಳೆ ತಟ್ಟಿದಳು! ನಾನು ಯಾರನ್ನಾದರೂ ಬೈದರೆ, “ಅಪ್ಪಾ, ಇನ್ನೊಮ್ಮೆ ಬೈ, ಕಡೀ ಮಾತು ಸರಿ ಕೇಳಲಿಲ್ಲ” ಎಂದು ಪೆನ್ನು ತೆಗೆಯುತ್ತಿದ್ದಳು. ಹೇಳಿಸಿಕೊಂಡು ಬೈಯಲು ಸಿಟ್ಟು ಎಲ್ಲಿಂದ ಬರಬೇಕು? ಅವಳ ನೋಟ್‌ಬುಕ್ಕಿನಲ್ಲಿ ತಲೆಕೆಳಗಾದ ಅಕ್ಷರಗಳು, ಬಾಲ ಬೆಳೆಸಿಕೊಂಡ ಅಕ್ಷರಗಳು, ವಾಕ್ಯದ ಪದಗಳನ್ನು ನೇತುಹಾಕಿದ, ಬೇರು ಮೇಲೆ ಕೊಂಬೆ ಕೆಳಗಾದ ಗಿಡಗಳು. ಒಂದು ಪುಟದಲ್ಲಿ ಕೆಲವು ವಾಕ್ಯಗಳ ಹಿಂದೆ ನಕ್ಷತ್ರ ಹಾಕಿತ್ತು. ಮಗಳಿಗೆ ಮಾಸ್ತರರು ನಕ್ಷತ್ರ ಕೊಟ್ಟಿದ್ದಾರೆಂದು ಅಂಗಡಿಗೆ ಬಂದ ನಾಲ್ಕು ಜನರಿಗೆ ಹೇಳಿದೆ. ಯಾರೂ ಹೀಗೆ ಮಾತಾಡುವುದಿಲ್ಲ ಎನ್ನುವ ವಾಕ್ಯಕ್ಕೆ ಆ ನಕ್ಷತ್ರ ಹಾಕುತ್ತಾರೆಂದು ಆಮೇಲೆ ತಿಳಿಯಿತು. ಆ ನಾಲ್ಕು ಜನರಿಗೆ ಇನ್ನೂ ಹೇಳಿಲ್ಲ.

ಬೈಗುಳವೆಂದರೆ ನಮ್ಮ ಮಸ್ಕಿಯ ದೊಡ್ಡವ್ವ. ಈರಮ್ಮ ಅಂತ ಹೆಸರು, ನನ್ನ ತಾಯಿಯ ಅಕ್ಕ. ತಾಯಿ ತೀರಿಕೊಂಡಾಗ ನಾನಿನ್ನೂ ಅಂಬೆಗಾಲಿಡುತ್ತಿದ್ದೆನಂತೆ. ಎತ್ತಿಕೊಂಡು ಹೋಗಿ ತನ್ನ ಮಕ್ಕಳ ನಡುವೆ ಕೂರಿಸಿ ಉಣಿಸಿದವಳು ಅವಳು. ಬಾಯಿ ಮಾತ್ರ ಮಸ್ಕಿಯ ಗುಡ್ಡಕ್ಕೆ ಬಡಿದು ವಾಪಸ್ಸು ಬರುವಂಥದ್ದು. ನಾನು ಬಾಗಿಲಲ್ಲಿ ಕಂಡರೆ ಸಾಕು, “ಎಲ್ಲಿ ಹಾಳಾಗಿ ಹೋಗಿದ್ದೆಲೇ ಬಸ್ಯಾ? ಮೂಳ! ಈ ದೊಡ್ಡವ್ವ ಅದಾಳೋ ಸತ್ತಾಳೋ ಅಂತ ನೋಡಾಕ ಬಂದೇನು? ನಿನ ಹೆಣಾ ಎತ್ತಲಿ, ಕೈಕಾಲು ತೊಳಕೊಂಡು ಉಣ್ಣಾಕ ಬಾ!” ಇಷ್ಟೂ ಒಂದೇ ಉಸಿರಿನಲ್ಲಿ. ಅವಳ ಮದುವೆಯ ಕಥೆಯಂತೂ ನಮ್ಮ ಮನೆಗೆಲ್ಲ ಪ್ರಸಿದ್ಧ. ಎರಡೇ ಓಣಿ ಆಚೆಯಿಂದ ಬರಬೇಕಾಗಿದ್ದ ಗಂಡಿನವರು ಸಂಜೆಯಾದರೂ ಬರಲಿಲ್ಲ; ಹೋಳಿಗೆಗೆ ತುಪ್ಪ ಕಡಿಮೆಯಾಯಿತೆಂದು ಗಂಡಿನ ಸೋದರಮಾವ ನಡುದಾರಿಯ ಬಾವಿಕಟ್ಟೆಯ ಮೇಲೆ ಮುನಿಸಿಕೊಂಡು ಕೂತುಬಿಟ್ಟಿದ್ದ. ಅವನನ್ನು ಎಬ್ಬಿಸಲು ಯಾರು ಯಾರು ಹೋದರು, ಏನೇನು ಅಂದರು ಎಂಬುದನ್ನು ಒಬ್ಬೊಬ್ಬರ ದನಿಯಲ್ಲಿ ದೊಡ್ಡವ್ವ ಹೇಳುತ್ತಿದ್ದರೆ ನಾಗವೇಣಿ ಸಣ್ಣವಳಿದ್ದಾಗ ತುತ್ತು ಬಾಯಲ್ಲಿಟ್ಟುಕೊಂಡೇ ಕೂತಿರುತ್ತಿದ್ದಳು.

ಎಂ.ಎ.ಯ ಕೊನೆಗೆ ನಾಗವೇಣಿ ಒಂದು ಪ್ರಬಂಧ ಬರೆಯಬೇಕಾಯಿತು. ಸಿಂಧನೂರಿನಿಂದ ಮಸ್ಕಿಯ ಮೇಲೆ ಲಿಂಗಸುಗೂರಿಗೆ ಹೋಗುವ ದಾರಿಯಲ್ಲಿ ಜನರ ಮಾತು ಎಲ್ಲಿ, ಹೇಗೆ ಬದಲಾಗುತ್ತದೆ ಎಂಬುದು ವಿಷಯ. “ಮಸ್ಕಿನೇ ಮುಖ್ಯ ಅಪ್ಪಾ. ಆ ಕಡೀ ಮಾತು, ಈ ಕಡೀ ಮಾತು ಎರಡೂ ಅಲ್ಲಿ ಇಳದು ಚಾ ಕುಡೀತಾವ. ಅಲ್ಲಿ ಏನಾಗ್ತದ ಅನ್ನೂದೇ ನನ್ನ ಪ್ರಬಂಧ” ಅಂದಳು. ಒಂದೊಂದು ಊರಿನಿಂದ ಒಬ್ಬೊಬ್ಬರು ಬೇಕು. ವಯಸ್ಸಾಗಿರಬೇಕು, ಶಾಲೆಯ ಮೆಟ್ಟಿಲು ಹತ್ತಿರಬಾರದು, ಹುಟ್ಟಿದ ಊರು ಬಿಟ್ಟಿರಬಾರದು, ಮತ್ತು ಹಲ್ಲು ಗಟ್ಟಿ ಇರಬೇಕು. ಹಲ್ಲು ಬಿದ್ದರೆ ಉಚ್ಚಾರ ಗಾಳಿಪಾಲಾಗುತ್ತದಂತೆ. ಕೇಳಿ ನನಗೆ ರೋಮಾಂಚನವಾಯಿತು. ಹಲ್ಲು ನೋಡಿ ಆರಿಸುವ ಕೆಲಸವನ್ನು ನಾನು ಸಂತೆಯಲ್ಲಿ ಮಾಡಿದಷ್ಟು ಅವಳ ಪ್ರೊಫೆಸರರೂ ಮಾಡಿರಲಾರರು. “ನೀ ಸುಮ್ಕಿರು, ಮಾಲು ಹುಡುಕೂದು ನನಗ ಬಿಡು” ಅಂದೆ.

ಅಂಗಡಿಗೆ ಬಂದ ಗಿರಾಕಿಗಳನ್ನು, “ನಿಮ್ಮನಿಯಾಗ ಹಲ್ಲು ಗಟ್ಟಿ ಇರೋ ಮುದುಕಿ ಅದಾಳೇನ್ರೀ?” ಎಂದು ಕೇಳತೊಡಗಿದೆ. ಒಬ್ಬ ಟ್ರ್ಯಾಕ್ಟರ್ ಬೇಡವೆಂದು ಎದ್ದೇ ಹೋದ. ಕಡೆಗೆ ಸಿಂಧನೂರಿನಲ್ಲಿ ಕಬ್ಬು ಸಿಗಿದು ತಿನ್ನುವ ಒಬ್ಬ ತಾತ ಸಿಕ್ಕ. ಲಿಂಗಸುಗೂರಿನಲ್ಲಿ ಹುಸೇನಮ್ಮ ಎಂಬ ಮುದುಕಿ, ನಾನು ಬಗ್ಗಿ ಬಾಯಿ ನೋಡಲು ಹೋದಾಗ, “ಏನ್ ನೋಡ್ತಿಯಪ್ಪಾ, ಕಚ್ಚಿ ತೋರ್ಸಲೇನು?” ಅಂದಳು. ಆಗಲೇ ಪಾಸು ಮಾಡಿದೆ. ಮಸ್ಕಿಗೆ ಹುಡುಕಾಟವೇ ಬೇಕಿರಲಿಲ್ಲ. ದೊಡ್ಡವ್ವ ಹುಟ್ಟಿದ್ದೂ ಮಸ್ಕಿ, ಕೊಟ್ಟಿದ್ದೂ ಮಸ್ಕಿ, ಹುರಿಗಡಲೆಯನ್ನು ಈಗಲೂ ಕಟಕಟ ಕಡಿಯುತ್ತಾಳೆ.

ಇಲ್ಲಿಗೆ ನಿಲ್ಲಿಸಿದ್ದರೆ ಈ ಲೇಖನ ಬರೆಯುವ ಗತಿ ಬರುತ್ತಿರಲಿಲ್ಲ. ಆದರೆ ಮಾಲನ್ನು ಇದ್ದ ಹಾಗೆ ತೋರಿಸುವುದು ನನ್ನ ಜಾಯಮಾನವಲ್ಲ. ನಾಗವೇಣಿ ಬರುವ ಹಿಂದಿನ ದಿನ ಬೈಕ್ ತೆಗೆದುಕೊಂಡು ಮೂವರ ಹತ್ತಿರವೂ ಹೋದೆ. ಯೂನಿವರ್ಸಿಟಿಯವರು ಕೇಳುತ್ತಾರೆ, ಸ್ವಲ್ಪ ನೀಟಾಗಿ ಮಾತಾಡಿ ಎಂದು ತಾತನಿಗೂ ಹುಸೇನಮ್ಮನಿಗೂ ಹೇಳಿದೆ. ಇಬ್ಬರೂ “ಆತು ತಗೋ” ಅಂದರು. ಮಸ್ಕಿಯಲ್ಲಿ ದೊಡ್ಡವ್ವ ಅಂಗಳದಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದಳು.

“ದೊಡ್ಡವ್ವಾ, ನಾಳೆ ನಾಗಿ ನಿನ್ನ ಮಾತು ರೆಕಾರ್ಡ್ ಮಾಡಾಕ ಬರ್ತಾಳ. ದೊಡ್ಡ ದೊಡ್ಡವ್ರು ಕೇಳ್ತಾರ ಅದನ್ನ.”

“ನನ್ನ ಮಾತು ಕೇಳಾಕ? ಅವ್ರಿಗೇನು ಮಾಡಾಕ ಬದುಕಿಲ್ಲೇನಲೇ?”

“ನೋಡು, ಇದಕ್ಕ ಹೇಳಾಕ ಬಂದೀನಿ. ಲೇ, ಬೇ, ಮೂಳ, ಭಾಡ್ಯಾ ಇವೆಲ್ಲಾ ಬ್ಯಾಡ. ನಿನ್ನ ಮಾತು ಭಾಳ ಒರಟು. ಟಿ.ವಿ.ಯಾಗ ಸುದ್ದಿ ಓದ್ತಾಳಲ್ಲ ಆಕಿ, ಹಂಗ ಮಾತಾಡು. ಮಂದಿ ನಗಬಾರ್ದು.”

ಶೇಂಗಾ ಸುಲಿಯುವುದು ನಿಂತಿತು. “ನನ್ನ ಮಾತು ಕೇಳಿದ್ರ ಮಂದಿ ನಗ್ತಾರೇನಲೇ ಬಸ್ಯಾ?”

“ನಗ್ತಾರ.”

ಅಷ್ಟೇ ಹೇಳಿದ್ದು. ಗಿರಾಕಿ ಟೈರು ಹೇಗಿದೆ ಎಂದು ಕೇಳಿದಾಗ ಛಲೋ ಅದ ಎಂದುಬಿಡುತ್ತೇವಲ್ಲ, ಅಷ್ಟು ಸಲೀಸಾಗಿ. ಆ ಕಚೇರಿಯ ಮೂವರು ನನ್ನ ತಲೆಯಲ್ಲಿ ಇನ್ನೂ ನಗುತ್ತಿದ್ದರು; ದೊಡ್ಡವ್ವನನ್ನು ಅವರಿಂದ ಕಾಪಾಡುತ್ತಿದ್ದೇನೆಂದೇ ನಾನು ತಿಳಿದಿದ್ದೆ. ಅವಳು ಎದ್ದು ಶೇಂಗಾ ಕಟ್ಟಿಕೊಟ್ಟಳು.

ಮಾರನೆಯ ದಿನ ಸಿಂಧನೂರಿನ ತಾತ ನನ್ನ ಮಾತನ್ನು ಐದು ನಿಮಿಷ ನೆನಪಿಟ್ಟುಕೊಂಡ. ಆಮೇಲೆ ಕಾಲುವೆಗೆ ಮೊದಲ ಸಲ ನೀರು ಬಂದ ಕಥೆ ಶುರುವಾಗಿ ತೆಲುಗು, ಕನ್ನಡ, ಬೈಗುಳ ಎಲ್ಲ ಒಟ್ಟಿಗೆ ಹರಿಯಿತು. ಲಿಂಗಸುಗೂರಿನ ಹುಸೇನಮ್ಮ “ನಮಸ್ಕಾರ” ಎಂದು ಬಾಯಿ ತೆರೆಯುವಷ್ಟರಲ್ಲಿ ಪಕ್ಕದ ಮನೆಯವಳು ನಲ್ಲಿಯ ಪಾಳಿ ಮುರಿದು ಕೊಡ ಇಟ್ಟಳು. ಮುಂದಿನ ಅರ್ಧ ಗಂಟೆ ನಾಗವೇಣಿಯ ಯಂತ್ರಕ್ಕೆ ಹಬ್ಬ. ನನ್ನ ಸಲಹೆಗೆ ಊರಿನಲ್ಲಿ ಇರುವ ಬೆಲೆ ಇದೇ, ಮತ್ತು ಅದೇ ನನ್ನ ಪುಣ್ಯ.

ಕೊನೆಗೆ ಮಸ್ಕಿ. ದೊಡ್ಡವ್ವ ಇಸ್ತ್ರಿ ಮಾಡಿದ ಇಳಕಲ್ ಸೀರೆ ಉಟ್ಟು, ಕುರ್ಚಿಯ ಮೇಲೆ ಕೂತಿದ್ದಳು. ಅವಳು ಕುರ್ಚಿಯ ಮೇಲೆ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. “ಆಯಿ, ನಿನ್ನ ಲಗ್ನ ಹೆಂಗಾತು ಹೇಳಬೇ” ಎಂದು ನಾಗವೇಣಿ ಯಂತ್ರ ಮುಂದಿಟ್ಟಳು.

“ನನ್ನ ಮದುವೆ ಚೆನ್ನಾಗಿ ಆಯಿತು” ಅಂದಳು ದೊಡ್ಡವ್ವ.

ನಾಗವೇಣಿ ಕಾದಳು. ದೊಡ್ಡವ್ವನೂ ಕಾದಳು.

“ಮತ್ತ ಆ ಸೋದರಮಾವ? ಬಾವಿಕಟ್ಟಿ ಮ್ಯಾಲ ಕುಂತಿದ್ದ?”

“ಅವರು ಹಿರಿಯರು. ಸ್ವಲ್ಪ ತಡವಾಗಿ ಬಂದರು. ನಮ್ಮ ಊರಿನಲ್ಲಿ ಬೆಟ್ಟವಿದೆ. ಜನರು ಒಳ್ಳೆಯವರು. ನಮಸ್ಕಾರ.”

ಮೂಲೆಯಲ್ಲಿ ಕೂತ ನಾನು, ನಾಚಿಕೆಯಿಲ್ಲದೆ ಹೇಳುತ್ತೇನೆ, ಹೆಮ್ಮೆಯಿಂದ ತಲೆದೂಗಿದೆ. ಶಾಲೆಗೆ ಹೋಗದ ಹೆಂಗಸು ಒಂದೂ ತಪ್ಪಿಲ್ಲದೆ ಒಪ್ಪಿಸಿದ್ದಳು. ರಾತ್ರಿಯೆಲ್ಲ ಒಬ್ಬಳೇ ಬಾಯಿಪಾಠ ಮಾಡಿದ್ದಳೆಂದು ಅವಳ ಸೊಸೆ ಆಮೇಲೆ ಹೇಳಿದಳು.

ಮಸ್ಕಿ ಬಸ್‌ಸ್ಟ್ಯಾಂಡಿನಲ್ಲಿ ಕೂತು ನಾಗವೇಣಿ ಕಿವಿಗೆ ವೈರು ಸಿಕ್ಕಿಸಿಕೊಂಡು ಅದನ್ನು ಮತ್ತೆ ಕೇಳಿದಳು. ಮೊದಲು ನಕ್ಕಳು. ಆಮೇಲೆ ನಗು ನಿಂತಿತು. “ಅಪ್ಪಾ, ನೀ ಆಯಿಗೆ ಏನಾರ ಹೇಳಿದ್ಯೇನು?” ಅಂದಳು. ನನಗೆ ಸುಳ್ಳು ಹೇಳಲು ಬರುವುದಿಲ್ಲವೆಂದಲ್ಲ, ಮಂದಿಯ ಸಪ್ಪಳ ಕೇಳಿ ಹೇಳುವ ವಿದ್ಯೆಯನ್ನು ಕಲಿಯಲು ಅವಳನ್ನು ನಾನೇ ಕಳಿಸಿದ್ದೆನಲ್ಲ. ಎಲ್ಲ ಹೇಳಿದೆ.

“ಒರಟು ಅಂದ್ಯಾ? ಆಯಿ ಮಾತಿಗೆ?” ಅವಳು ವೈರನ್ನು ಸುತ್ತಿ ಸುತ್ತಿ ಡಬ್ಬಿಗೆ ಹಾಕಿದಳು. “ನಾ ಈ ಎಂ.ಎ. ಸೇರಿದ್ದು ಯಾಕಂತ ಒಮ್ಮೆರ ಕೇಳಿಯೇನು ನೀ? ಆಯಿ ಮಾತು ಕೇಳಿ ಕೇಳಿ ಸೇರಿದ್ದೆಪ್ಪಾ. ಇಂಥಾ ಮಾತು ಒಬ್ಬಾಕಿ ಬಾಯಾಗ ಹೆಂಗ ಹುಟ್ತದ ಅಂತ ನೋಡಬೇಕಾಗಿತ್ತು ನನಗ.” ಅಷ್ಟು ಹೇಳಿ ಲಿಂಗಸುಗೂರಿನಿಂದ ಬಂದ ಬಸ್ಸು ಹತ್ತಿದಳು. ಸಿಟ್ಟು ಮಾಡಿದ್ದರೆ ಚೌಕಾಶಿ ಮಾಡುತ್ತಿದ್ದೆ. ಅವಳು ಕಿಟಕಿ ಕಡೆ ಮುಖ ಮಾಡಿ ಕೂತಳು.

ಪ್ರಬಂಧಕ್ಕೆ ದಾರಿ ತೋರಿಸುತ್ತಿದ್ದ ಅವಳ ಮೇಡಂ ಎರಡು ನಿಮಿಷ ಕೇಳಿ, ಇದು ಮಸ್ಕಿಯಲ್ಲ, ರೇಡಿಯೊ ಅಂದರಂತೆ. ಒಪ್ಪಿಸಲು ಒಂದು ತಿಂಗಳಿತ್ತು. ನಾಗವೇಣಿ ಮತ್ತೆ ಮೂರು ಸಲ ಮಸ್ಕಿಗೆ ಹೋದಳು. ಮೂರು ಸಲವೂ ಕುರ್ಚಿ, ಇಳಕಲ್ ಸೀರೆ, ಊರಿನಲ್ಲಿ ಬೆಟ್ಟವಿದೆ. ನಾನು ನನ್ನ ಬುದ್ಧಿಗೆ ತಕ್ಕ ಉಪಾಯ ಹೇಳಿದೆ: “ಫೋನ್ ದಿಂಬಿನ ಕೆಳಗ ಇಟ್ಟು ಬಾ. ನೆರಿಮನ್ಯಾಕಿ ಕೂಡ ಮಾತಾಡ್ತಾಳಲ್ಲ, ಅದು ಅಸಲಿ ಇರ್ತದ.” ಅವಳು ನನ್ನನ್ನು ಒಮ್ಮೆ ನೋಡಿ, “ಅವ್ರನ್ನ ಕೇಳದ ಅವ್ರ ಮಾತು ತಗೊಂಡ್ರ ಅದಕ್ಕ ನಮ್ಮಲ್ಲಿ ಕಳವು ಅಂತಾರ” ಅಂದಳು. ಬೇರೆ ಮುದುಕಿಯನ್ನು ಹುಡುಕುತ್ತೇನೆಂದೆ, ಮಸ್ಕಿಯಲ್ಲಿ ಹಲ್ಲಿಗೆ ಬರವಿಲ್ಲವೆಂದೆ. “ಬ್ಯಾಡ. ಆಯಿನ್ನ ಬಿಟ್ಟು ಇನ್ನೊಬ್ಬಾಕಿನ್ನ ಕೂಡಿಸಿದ್ರ, ಆಯಿ ಮಾತು ಖರೇನ ಕೆಟ್ಟದ್ದು ಅಂತ ನಾನೂ ಹೇಳಿದಂಗ ಆಗ್ತದ” ಅಂದಳು.

ಕೊನೆಗೆ ಮರ್ಯಾದೆ ಬದಿಗಿಟ್ಟು ನಾನೇ ಹೋದೆ. “ದೊಡ್ಡವ್ವಾ, ತಪ್ಪಾತು. ನಾ ಹೇಳಿದ್ದು ಮರತುಬಿಡು. ಮೊದ್ಲಿನಂಗ ಮಾತಾಡು” ಅಂದೆ. ಅವಳು ಸೆರಗು ಸರಿಪಡಿಸಿಕೊಂಡಳು.

“ನೀ ಖರೇನ ಹೇಳೀದಿ ಬಸ್ಯಾ. ನೀ ನಾಕು ಮಂದಿ ದೊಡ್ಡವ್ರ ಕೂಡ ಓಡಾಡಾಂವ. ಇಷ್ಟು ವರ್ಷ ನನ್ನ ಬಾಯಿಂದ ನೀ ತಲಿ ತಗ್ಗಿಸಿದಿ ಅಂತ ನನಗೇನು ಗೊತ್ತಿತ್ತು? ಮೊದ್ಲ ಹೇಳಬಾರ್ದೇನಪ್ಪಾ?”

ದನಿ ಏರಿರಲಿಲ್ಲ. ಎಷ್ಟು ಗಟ್ಟಿಮುಟ್ಟಾದ ಮಾತು! ನನ್ನ ಕಿಸೆಯಲ್ಲಿ ಯಂತ್ರವಿರಲಿಲ್ಲ, ಇದ್ದಿದ್ದರೂ ಒತ್ತಲು ಕೈ ಬರುತ್ತಿರಲಿಲ್ಲ. ಅವಳು ತನ್ನ ಮಾತಿನಲ್ಲಿ ನನ್ನೊಡನೆ ಆಡಿದ್ದು ಅದೇ ಕೊನೆ. ಇಷ್ಟು ವರ್ಷ ಊರಿಗೆಲ್ಲ ಸಲಹೆ ಹಂಚಿದೆ, ಒಬ್ಬರೂ ಕೇಳಲಿಲ್ಲ, ಕೇಳಿದವಳು ಒಬ್ಬಳೇ. ಅವಳಿಗೆ ನನ್ನ ಮಾತಿನ ಮೇಲೆ ಅಷ್ಟು ನಂಬಿಕೆ ಇದೆಯೆಂದು ಗೊತ್ತಿದ್ದರೆ ಇನ್ನೇನಾದರೂ ಒಳ್ಳೆಯದನ್ನು ಹೇಳುತ್ತಿದ್ದೆ. ಮೊಣಕಾಲಿಗೆ ಎಣ್ಣೆಯನ್ನಾದರೂ ಹೇಳುತ್ತಿದ್ದೆ.

ನಾಗವೇಣಿಯ ಪ್ರಬಂಧ ಒಪ್ಪಿಸಿದ್ದಾಯಿತು. ಪಟ್ಟಿಯಲ್ಲಿ ಸಿಂಧನೂರು ತುಂಬಿದೆ, ಲಿಂಗಸುಗೂರು ತುಂಬಿದೆ, ನಡುವಿನ ಮಸ್ಕಿಯ ಸಾಲು ಖಾಲಿ. ಪಾಸಾದಳು. ಆದರೆ ನಡು ಇಲ್ಲದ ಪ್ರಬಂಧ ಎಂದು ಪರೀಕ್ಷಕರು ಬರೆದರು, ಮುಂದಿನ ಸಂಶೋಧನೆಗೆ ಅವಳು ಆಸೆಪಟ್ಟ ಸೀಟು ಆ ವರ್ಷ ಬೇರೆಯವರಿಗೆ ಹೋಯಿತು. ಈಗ ಸಿಂಧನೂರಿನಲ್ಲೇ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ, ಬರುವ ಸಲ ಮತ್ತೆ ಅರ್ಜಿ ಹಾಕುತ್ತಾಳಂತೆ. ವಾರಕ್ಕೊಮ್ಮೆ ಮಸ್ಕಿಗೆ ಹೋಗಿ ಯಂತ್ರವಿಲ್ಲದೆ ಸುಮ್ಮನೆ ದೊಡ್ಡವ್ವನ ಜೊತೆ ಶೇಂಗಾ ಸುಲಿದು ಬರುತ್ತಾಳೆ. “ಏನಾರ ಅಂದಳೇನು?” ಎಂದು ಕೇಳುತ್ತೇನೆ. “ಅವಸರ ಮಾಡಬ್ಯಾಡಪ್ಪಾ” ಅನ್ನುತ್ತಾಳೆ. ಮೊನ್ನೆ ಒಂದು ಸಲ ದೊಡ್ಡವ್ವ ಬಾಯಿ ತಪ್ಪಿ ಮೊದಲಿನ ಹಾಗೆ “ಎಬೇ ನಾಗಿ” ಅಂದಳಂತೆ. ಅದನ್ನು ಹೇಳುವಾಗ ನನ್ನ ಮಗಳ ಮುಖ ನೋಡಬೇಕಿತ್ತು.

ನನಗೆ ಆ ಭಾಗ್ಯ ಇನ್ನೂ ಬಂದಿಲ್ಲ. ಹೋದ ವಾರ ಮಸ್ಕಿಗೆ ಹೋದೆ. “ಬನ್ನಿ, ಕುಳಿತುಕೊಳ್ಳಿ. ಎಲ್ಲರೂ ಆರಾಮವೇ?” ಅಂದಳು ದೊಡ್ಡವ್ವ. ನನಗೆ ಏನು ತೋಚಿತೋ, ಚಪ್ಪಲಿ ಹಾಕಿಕೊಂಡೇ ಅಡುಗೆಮನೆಗೆ ನಡೆದುಬಿಟ್ಟೆ. ಆಗಷ್ಟೇ ಸಾರಿಸಿದ ನೆಲ. ಹಿಂದೆ ಈ ತಪ್ಪಿಗೆ ಲಟ್ಟಣಿಗೆ ಹಾರಿ ಬರುತ್ತಿತ್ತು. ದೊಡ್ಡವ್ವ ನೆಲ ನೋಡಿದಳು, ನನ್ನ ಕಾಲು ನೋಡಿದಳು, ಎದೆ ತುಂಬ ಉಸಿರು ತೆಗೆದುಕೊಂಡಳು. ಬಂತು ಎಂದು ಕಣ್ಣು ಮುಚ್ಚಿ ನಿಂತೆ.

“ಪರವಾಗಿಲ್ಲ ಬಿಡಿ” ಅಂದಳು.

ನಾನೇ ಚಿಂದಿ ಬಟ್ಟೆ ತೆಗೆದುಕೊಂಡು ನೆಲ ಒರೆಸಿದೆ. ಅವಳು ನನಗೆ ಬಸಿಯ ಜೊತೆ ಕಪ್ಪಿನಲ್ಲಿ ಚಹಾ, ತಟ್ಟೆಯಲ್ಲಿ ಬಿಸ್ಕತ್ತು ಇಟ್ಟು ಅಂಗಳಕ್ಕೆ ಹೋದಳು. ಅಲ್ಲಿ ಅವಳ ಆಡು ಒಣಹಾಕಿದ ಜೋಳಕ್ಕೆ ಬಾಯಿ ಹಾಕಿತ್ತು. “ನಿನ ಹೆಣಾ ಎತ್ತಲಿ! ಮುಂಜಾನಿಂದ ಎಲ್ಲಿ ಹಾಳಾಗಿ ಹೋಗಿದ್ದೆಲೇ ಭಾಡ್ಯಾ? ಹೊಟ್ಟಿಗೆ ಹಾಕಿಲ್ಲೇನು ನಿನಗ? ಬಾ ಇಲ್ಲಿ, ಬಾರಲೇ ಮೂಳ!” ಎಂಬ ದನಿ ಗುಡ್ಡಕ್ಕೆ ಬಡಿದು ವಾಪಸ್ಸು ಬಂತು. ನಾನು ಕುರ್ಚಿಯ ಮೇಲೆ ನೆಂಟನ ಹಾಗೆ ಕೂತು, ಅಂಗಳದಲ್ಲಿ ಮನೆಮಗನ ಹಾಗೆ ಬೈಸಿಕೊಳ್ಳುತ್ತಿದ್ದ ಆ ಆಡನ್ನು ನೋಡುತ್ತ, ಸಪ್ಪಳವಾಗದಂತೆ ಚಹಾ ಕುಡಿದೆ.